ಪಿನ್‌ಕೋಡಿನಿಂದ ಬ್ರೌಸರಿನವರೆಗೆ: ಅರ್ಧ ವಿಳಾಸದ ಕಥೆ

ಮೈಸೂರಿನ ಸರಸ್ವತಿಪುರಂನಲ್ಲಿ ಮನೆ ಹುಡುಕುವವರು ಎಷ್ಟನೇ ಮೇನ್, ಎಷ್ಟನೇ ಕ್ರಾಸ್ ಎಂದು ಕೇಳುತ್ತಾರೆ. ಆದರೆ ಮೇನು, ಕ್ರಾಸುಗಳು ಕುವೆಂಪುನಗರದಲ್ಲೂ ಇವೆ. ಕಾಗದದ ಮೇಲೆ ಅಷ್ಟೇ ಬರೆದರೆ ಯಾವ ಬಡಾವಣೆ ಎಂದು ತಿಳಿಯದು. ಒಂದೇ ಹೆಸರಿನ ಹಲವು ಊರುಗಳು, ಬೇರೆ ಬೇರೆ ಭಾಷೆಯಲ್ಲಿ ಬರೆದ ವಿಳಾಸಗಳು ದೇಶದ ಎಲ್ಲೆಡೆ ಇಂಥ ಗೊಂದಲ ತಂದಿದ್ದವು. ಅದಕ್ಕೆ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಸರಸ್ವತಿಪುರಂನದು 570009.

ಇಂಟರ್ನೆಟ್ಟಿನಲ್ಲಿ ಆದದ್ದು ಇದರ ಉಲ್ಟಾ. ಅಲ್ಲಿ ಮೊದಲು ಇದ್ದದ್ದು ಬರೀ ಅಂಕಿ. ಜನರಿಗೆ ನೆನಪಿರಲಿ ಎಂದು 1983ರಲ್ಲಿ ಹೆಸರಿನ ವಿಳಾಸಗಳ ವ್ಯವಸ್ಥೆ ರೂಪುಗೊಂಡಿತು. ಆ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕಿತ್ತು. 1995ರ ಆಗಸ್ಟ್ 15ರಂದು ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗ, ಕನ್ನಡ ಓದಿದವರೂ ಇಂಗ್ಲಿಷ್ ಸ್ಪೆಲ್ಲಿಂಗ್ ತಪ್ಪದೆ ಒತ್ತಬೇಕಾಯಿತು.

1990ರ ದಶಕದ ಕೊನೆಗೆ ಬ್ರೌಸರುಗಳು ಹಿಂದೆ ತೆರೆದ ವಿಳಾಸವನ್ನು ನೆನಪಿಟ್ಟು, ನಾಲ್ಕು ಅಕ್ಷರ ಒತ್ತಿದರೆ ಉಳಿದದ್ದನ್ನು ತಾವೇ ತೋರಿಸತೊಡಗಿದವು. 2008ರ ಜೂನ್‌ನಲ್ಲಿ ಬಂದ ಫೈರ್‌ಫಾಕ್ಸ್ 3 ಪುಟದ ತಲೆಬರಹದಲ್ಲಿರುವ ಪದದಿಂದಲೂ ವಿಳಾಸ ಹುಡುಕಿಕೊಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ಬಂದ ಕ್ರೋಮ್, ವಿಳಾಸ ಮತ್ತು ಹುಡುಕಾಟ ಎರಡಕ್ಕೂ ಒಂದೇ ಪಟ್ಟಿ ಇಟ್ಟಿತು. ಈಗ ಕನ್ನಡದಲ್ಲೇ 'ಡಾಟ್ ಭಾರತ' ವಿಳಾಸಗಳಿವೆ. ಆದರೂ ಪಹಣಿ ತೆಗೆಯುವ 'ಭೂಮಿ'ಯ ವಿಳಾಸ ಇಂಗ್ಲಿಷಿನಲ್ಲೇ ಇದೆ. ಹಾಗಾಗಿ ನಮ್ಮ ಹಳ್ಳಿಗಳಿಗೆ ಈ ಸಲಹೆಗಳು ದೊಡ್ಡ ಅನುಕೂಲ.

ಆದರೆ ಒಂದು ಮಾತು ಗಮನಿಸಿ. ಹಳೇ ಅಂಚೆಯಣ್ಣನಿಗೆ ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಗೊತ್ತಿತ್ತು. ಬ್ರೌಸರಿಗೆ ಗೊತ್ತಿರುವುದು ನಾವು ಎಲ್ಲಿಗೆ, ಎಷ್ಟು ಸಲ ಹೋಗಿದ್ದೆವು ಎಂಬುದಷ್ಟೇ. ಮನೆಯವರೆಲ್ಲ ಬಳಸುವ ಫೋನಿನಲ್ಲಿ ಯಾರೋ ಒಮ್ಮೆ ನಕಲಿ ಪಹಣಿ ತಾಣ ತೆರೆದಿದ್ದರೆ, ಮುಂದಿನ ಸಲ ಅದೇ ಮೇಲೆ ಬರಬಹುದು. ಆಧಾರ್ ಸಂಖ್ಯೆ, ಹಣ ಎರಡೂ ತಪ್ಪು ಕೈಗೆ ಹೋಗಬಹುದು.

ಅದಕ್ಕೇ ಸಲಹೆ ಒತ್ತುವ ಮುನ್ನ ವಿಳಾಸದ ಮೊದಲ ಓರೆಗೆರೆಯ ತನಕ ಓದಿ. ಕರ್ನಾಟಕ ಸರ್ಕಾರದ ಸೇವೆಯಾದರೆ ಸಾಮಾನ್ಯವಾಗಿ ಆ ಭಾಗ 'ಕರ್ನಾಟಕ ಡಾಟ್ ಗವ್ ಡಾಟ್ ಇನ್' ಎಂದು ಮುಗಿಯುತ್ತದೆ. 'ಗವ್' ಎಂಬುದು ನಡುವೆ ಎಲ್ಲೋ ಇದ್ದರೆ ಸಾಲದು. ತಪ್ಪು ವಿಳಾಸ ಕಂಡರೆ ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಅದರ ಮೇಲೆ ಬೆರಳು ಒತ್ತಿಹಿಡಿಯಿರಿ, ಅಳಿಸಲೇ ಎಂದು ಕೇಳುತ್ತದೆ. ಅಳಿಸಿಬಿಡಿ. ಮನೆಯ ಹಿರಿಯರಿಗೂ ಇದನ್ನು ತೋರಿಸಿಕೊಡಿ.