ಮನೆಶಾಲೆಯಲ್ಲಿ ಗಣಿತ-ವಿಜ್ಞಾನದ ಸಿಲೆಬಸ್ ಬದಲಿಸೋದು: ಆರರಿಂದ ಎಂಟನೇ ಕ್ಲಾಸಿನವರಿಗೆ ಒಂದು ಕೈಪಿಡಿ

ಮಗು ಏಳನೇ ಕ್ಲಾಸಿನ ಗಣಿತ ಪುಸ್ತಕವನ್ನು ಚೆನ್ನಾಗಿಯೇ ಮುಗಿಸಿದೆ. ಬೇರೆ ಬೋರ್ಡಿನ ಎಂಟನೇ ಕ್ಲಾಸಿನ ಪುಸ್ತಕ ತಂದುಕೊಟ್ಟರೆ ಮೊದಲ ವಾರದಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಮನೆಯವರು "ಇವನಿಗೆ ಗಣಿತ ತಲೆಗೆ ಹತ್ತಲ್ಲ" ಅಂತ ತೀರ್ಮಾನಿಸಿಬಿಡ್ತಾರೆ. ಬಹಳ ಸಲ ತಪ್ಪು ಮಗುವಿನದ್ದಲ್ಲ. ಪುಸ್ತಕದ ಮೇಲಿನ ಕ್ಲಾಸಿನ ಸಂಖ್ಯೆಯನ್ನು ನಂಬಿದ್ದು ತಪ್ಪು.

ಬೆಂಗಳೂರಿನಂಥ ಊರುಗಳಲ್ಲಿ ಹೋಮ್‌ಸ್ಕೂಲಿಂಗ್ ಮಾಡುವ ಕುಟುಂಬಗಳು ಈ ವಯಸ್ಸಿನಲ್ಲಿ ಸಿಲೆಬಸ್ ಬದಲಿಸುವುದು ಸಾಮಾನ್ಯ. ಐದನೇ ಕ್ಲಾಸಿನವರೆಗೆ ಆಟ, ಕಥೆ, ಅಡುಗೆಮನೆಯ ಲೆಕ್ಕದಲ್ಲಿ ನಡೆದುಹೋಗುತ್ತೆ. ಆರಕ್ಕೆ ಬಂದಾಗ ಹತ್ತನೇ ಕ್ಲಾಸಿನ ಪರೀಕ್ಷೆ ದೂರದಲ್ಲಿ ಕಾಣೋಕೆ ಶುರುವಾಗುತ್ತೆ.

ಕಾನೂನು ಏನು ಹೇಳುತ್ತೆ?

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು ಕೊಟ್ಟಿದೆ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತೆ, ಆದರೆ ತಪ್ಪಿದವರಿಗೆ ದಂಡ ಅಂತ ಏನೂ ಬರೆದಿಲ್ಲ. ಮನೆಶಾಲೆಯ ಬಗ್ಗೆ ಕಾಯ್ದೆ ಮೌನವಾಗಿದೆ. ಹಾಗಾಗಿ ಯಾವ ಪುಸ್ತಕ ಓದಿಸಬೇಕು, ಯಾವಾಗ ಬದಲಿಸಬೇಕು ಅನ್ನೋದಕ್ಕೆ ಸರ್ಕಾರದ ನಕ್ಷೆ ಇಲ್ಲ. ಆ ನಕ್ಷೆಯನ್ನು ಮನೆಯವರೇ ಬಿಡಿಸಿಕೊಳ್ಳಬೇಕು. ವಾಪಸ್ ಶಾಲೆಗೆ ಹೋಗುವುದಾದರೆ ಒಂದು ದಾರಿ ಇದೆ: 4ನೇ ಸೆಕ್ಷನ್ ಪ್ರಕಾರ ಶಾಲೆಯ ಹೊರಗಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಬೇಕಾದ ವಿಶೇಷ ತರಬೇತಿ ಕೊಡಬೇಕು.

ಎಲ್ಲಿ ತಾಳ ತಪ್ಪುತ್ತೆ?

ಒಂದು ಉದಾಹರಣೆ ನೋಡೋಣ. ಎನ್‌ಸಿಇಆರ್‌ಟಿಯ ಹಳೆಯ ಆರನೇ ಕ್ಲಾಸಿನ ಗಣಿತದಲ್ಲಿ 'ಅನುಪಾತ ಮತ್ತು ಸಮಾನುಪಾತ' ಅನ್ನೋ ಅಧ್ಯಾಯ ಇತ್ತು. 2024ರಲ್ಲಿ ಆರನೇ ಕ್ಲಾಸಿಗೆ ಬಂದ ಹೊಸ 'ಗಣಿತ ಪ್ರಕಾಶ್' ಪುಸ್ತಕದಲ್ಲಿ ಆ ಅಧ್ಯಾಯ ಇಲ್ಲ. ಹೊಸ ಸರಣಿಯಲ್ಲಿ ಅದು ಎಂಟನೇ ಕ್ಲಾಸಿಗೆ ಹೋಗಿದೆ. ಐಸಿಎಸ್‌ಇ ಶಾಲೆಗಳ ಪುಸ್ತಕಗಳಲ್ಲಿ ಅದು ಆರರಲ್ಲೇ ಬರುತ್ತೆ. ಸಿಂಗಪುರ ಪದ್ಧತಿಯಲ್ಲಿ ಪ್ರೈಮರಿ ಮುಗಿಯುವುದರೊಳಗೆ ಅನುಪಾತ ಆಗಿರುತ್ತೆ.

ಈಗ ಹೊಸ ಎನ್‌ಸಿಇಆರ್‌ಟಿಯಲ್ಲಿ ಏಳು ಮುಗಿಸಿದ ಮಗುವಿಗೆ ಐಸಿಎಸ್‌ಇಯ ಎಂಟನೇ ಪುಸ್ತಕ ಕೊಟ್ಟರೆ? ಆ ಪುಸ್ತಕ ಅನುಪಾತ ಗೊತ್ತು ಅಂದುಕೊಂಡೇ ಮಾತು ಶುರುಮಾಡುತ್ತೆ. ಹೊಡೆತ ಗಣಿತದಲ್ಲಷ್ಟೇ ಬೀಳಲ್ಲ. ವೇಗ ಅಂದ್ರೆ ದೂರ ಭಾಗಿಸು ಕಾಲ, ಸಾಂದ್ರತೆ ಅಂದ್ರೆ ರಾಶಿ ಭಾಗಿಸು ಗಾತ್ರ. ಎರಡರ ಒಳಗೂ ಇರೋದು ಅನುಪಾತವೇ. ಮಗು ವಿಜ್ಞಾನದಲ್ಲಿ ಎಡವಿದಂತೆ ಕಾಣುತ್ತೆ, ಕಾರಣ ಗಣಿತದಲ್ಲಿ ಕೂತಿರುತ್ತೆ.

ವಿಜ್ಞಾನದ ಜೋಡಣೆಯೂ ಬೇರೆಬೇರೆ. ಎನ್‌ಸಿಇಆರ್‌ಟಿಯಲ್ಲಿ ಇಡೀ ವಿಜ್ಞಾನ ಒಂದೇ ಪುಸ್ತಕ. ಐಸಿಎಸ್‌ಇಯಲ್ಲಿ ಆರರಿಂದಲೇ ಭೌತ, ರಸಾಯನ, ಜೀವ ಅಂತ ಮೂರು ಭಾಗ. ಹಳೆಯ ಎನ್‌ಸಿಇಆರ್‌ಟಿಯಲ್ಲಿ ಆರರಲ್ಲಿದ್ದ ವಿದ್ಯುತ್ ಮಂಡಲ ಹೊಸದರಲ್ಲಿ ಏಳಕ್ಕೆ ಬಂದಿದೆ. ಬದಲಿಸಿದರೆ ಒಂದು ಪಾಠ ಎರಡು ಸಲ ಬರಬಹುದು, ಇನ್ನೊಂದು ಬಾರದೇ ಹೋಗಬಹುದು.

ಹಾಗಾದ್ರೆ ಬದಲಿಸೋದು ಹೇಗೆ?

1. ಕೊನೆಯಿಂದ ಹಿಂದಕ್ಕೆ ಎಣಿಸಿ. ಹತ್ತರಲ್ಲಿ ಯಾವ ಪರೀಕ್ಷೆ ಅಂತ ಮೊದಲು ಅಂದಾಜು ಮಾಡಿ. ರಾಷ್ಟ್ರೀಯ ಮುಕ್ತ ಶಾಲೆ, ಅಂದ್ರೆ ಎನ್‌ಐಒಎಸ್‌ನ ಸೆಕೆಂಡರಿಗೆ 14 ವರ್ಷ ತುಂಬಿರಬೇಕು. ಐದು ವಿಷಯ ಸಾಕು, ಗಣಿತ-ವಿಜ್ಞಾನ ಕಡ್ಡಾಯವಲ್ಲ. ಈ ಸ್ವಾತಂತ್ರ್ಯ ಕೆಲವರಿಗೆ ವರವೇ. ಆದರೆ ಅವೆರಡನ್ನು ಬಿಟ್ಟರೆ ಮುಂದೆ ಪಿಯು ವಿಜ್ಞಾನದ ಬಾಗಿಲು ಕಷ್ಟವಾಗುತ್ತೆ. ಕೇಂಬ್ರಿಡ್ಜ್ ಐಜಿಸಿಎಸ್‌ಇ ಗಣಿತದಲ್ಲಿ ಕೋರ್, ಎಕ್ಸ್‌ಟೆಂಡೆಡ್ ಅಂತ ಎರಡು ಹಂತ ಇದೆ. ಎ-ಯಿಂದ-ಜಿ ಶ್ರೇಣಿಯಲ್ಲಿ ಕೋರ್ ಬರೆದವರಿಗೆ ಸಿಗುವ ಗರಿಷ್ಠ ಗ್ರೇಡ್ ಸಿ. ವಿಜ್ಞಾನಕ್ಕೆ ಲ್ಯಾಬ್ ಇಲ್ಲದವರು ಪ್ರಯೋಗದ ಬದಲು ಬರೆಯುವ ಲಿಖಿತ ಪತ್ರಿಕೆ ಇದೆ.

2. ಕ್ಲಾಸು ಬಿಡಿ, ಪರಿಕಲ್ಪನೆ ಹೊಂದಿಸಿ. ಹಳೆಯ ಮತ್ತು ಹೊಸ ಪುಸ್ತಕದ ಪರಿವಿಡಿಗಳನ್ನು ಪಕ್ಕಪಕ್ಕ ಇಟ್ಟು ಟಿಕ್ ಮಾಡಿ. ಒಂದು ಸಂಜೆಯ ಕೆಲಸ.

3. ನಾಲ್ಕು ಪ್ರಶ್ನೆ ಕೇಳಿ. ಮುಕ್ಕಾಲು ಲೀಟರ್ ಹಾಲನ್ನು 1/8 ಲೀಟರಿನ ಲೋಟಗಳಿಗೆ ಸುರಿದರೆ ಎಷ್ಟು ಲೋಟ? 5 ಜನಕ್ಕೆ 2 ಪಾವು ಅಕ್ಕಿ ಬೇಕಾದರೆ 20 ಜನಕ್ಕೆ? −3ರಿಂದ −7 ಕಳೆದರೆ? ಒಂದು ಸಂಖ್ಯೆಯನ್ನು 3ರಿಂದ ಗುಣಿಸಿ 4 ಕೂಡಿದರೆ 19, ಆ ಸಂಖ್ಯೆ ಯಾವುದು? ಉತ್ತರ 6, 8, 4, 5. ಭಿನ್ನರಾಶಿ, ಅನುಪಾತ, ಋಣ ಸಂಖ್ಯೆ, ಸಮೀಕರಣ: ಯಾವುದರಲ್ಲಿ ತಡವರಿಸಿತೋ ಅಲ್ಲಿಂದ ಶುರುಮಾಡಿ. ಅದು ಹೊಸ ಪುಸ್ತಕದ ಆರನೇ ಕ್ಲಾಸಾದರೂ ಪರವಾಗಿಲ್ಲ.

4. ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಮೊದಲು ಗಣಿತ, ಕೆಲವು ತಿಂಗಳ ನಂತರ ವಿಜ್ಞಾನ. ಒಟ್ಟಿಗೆ ಬದಲಿಸಿದರೆ ತೊಡಕು ಎಲ್ಲಿಂದ ಬಂತು ಅಂತ ಹಿಡಿಯೋಕಾಗಲ್ಲ. ಇಂಜಿನಿಯರಿಂಗ್‌ನಲ್ಲಿ ನಮಗೆ ಕಲಿಸಿದ್ದರಲ್ಲಿ ಈಗಲೂ ಉಪಯೋಗಕ್ಕೆ ಬರೋದು ಇದೇ: ಒಂದು ಸಲಕ್ಕೆ ಒಂದೇ ತಂತಿ ಬದಲಿಸು.

5. ಪುಸ್ತಕದ ಸ್ವಭಾವ ನೋಡಿ. ಅಮೆರಿಕದ ಸ್ಯಾಕ್ಸನ್‌ನಂಥವು ಪ್ರತಿದಿನ ಸ್ವಲ್ಪ ಹೊಸದು, ಜೊತೆಗೆ ಹಳೆಯದರ ಅಭ್ಯಾಸ ಕೊಡುತ್ತವೆ. ಸಿಂಗಪುರದವು ಒಂದು ವಿಷಯವನ್ನು ಹಿಡಿದು ಆಳಕ್ಕೆ ಇಳಿಯುತ್ತವೆ. ಮೊದಲನೆಯದರಿಂದ ಎರಡನೆಯದಕ್ಕೆ ಬಂದ ಮಗು ಹಳೆಯದನ್ನು ಮರೆಯಬಹುದು. ವಾರಕ್ಕೊಮ್ಮೆ ಮೆಲುಕು ಹಾಕಿಸಿ.

ಇದು ಉಳ್ಳವರ ಸಮಸ್ಯೆ ಅಲ್ವಾ?

ಅರ್ಧ ನಿಜ. ಐಜಿಸಿಎಸ್‌ಇ ಶುಲ್ಕ ಎಲ್ಲರ ಕೈಗೆ ಎಟುಕಲ್ಲ. ಆದ್ರೆ ಶಾಲೆಯಲ್ಲಿ ಹಿಂಸೆ ಅನುಭವಿಸಿ ಬಿಟ್ಟವರು, ಅಂಗವೈಕಲ್ಯಕ್ಕೆ ಶಾಲೆ ಹೊಂದಿಕೊಳ್ಳದ್ದರಿಂದ ಮನೆಯಲ್ಲಿ ಉಳಿದವರು, ಅಪ್ಪ-ಅಮ್ಮನ ಕೆಲಸದ ಹಿಂದೆ ಊರೂರು ಸುತ್ತುವ ಮಕ್ಕಳೂ ಇದ್ದಾರೆ. ಎನ್‌ಐಒಎಸ್‌ನ ಮುಕ್ತ ಮೂಲಶಿಕ್ಷಣದ 'ಸಿ' ಹಂತ ಎಂಟನೇ ಕ್ಲಾಸಿಗೆ ಸಮ ಅನ್ನೋದು ಇಂಥವರಿಗೆ ಮುಖ್ಯ ಮಾಹಿತಿ.

ಶಾಲೆಗೆ ಹೋಗುವವರೂ ಇದರಿಂದ ಹೊರತಲ್ಲ. ನಾನು ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಪಿಯುಗೆ ಬಂದ ಮೊದಲ ತಿಂಗಳು 'ಆಕ್ಸಿಲರೇಷನ್' ಅಂದ್ರೆ ನನಗೆ ಗೊತ್ತಿದ್ದ ವೇಗೋತ್ಕರ್ಷವೇ ಅಂತ ಯಾರೂ ಹೇಳಲಿಲ್ಲ. ಗೊತ್ತಿದ್ದದ್ದನ್ನೇ ಗೊತ್ತಿಲ್ಲ ಅಂದುಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತೆ. ಒಂದು ಪುಟದ ಪದಪಟ್ಟಿ ಕೊಟ್ಟಿದ್ದರೆ ಸಾಕಿತ್ತು.

ಪಠ್ಯಪುಸ್ತಕದಲ್ಲಿ ಯಾರ ಇತಿಹಾಸ ಇರಬೇಕು ಅಂತ ನಾವು ವರ್ಷಗಟ್ಟಲೆ ಜಗಳ ಆಡಿದ್ದೀವಿ, ಆಡಲೇಬೇಕು. ಅನುಪಾತ ಆರರಿಂದ ಎಂಟಕ್ಕೆ ಹೋದದ್ದರ ಬಗ್ಗೆ ಅಂಥ ಚರ್ಚೆ ನಡೆಯೋದು ಅಪರೂಪ. ಯಾವ ಬೋರ್ಡಿನಲ್ಲಿ ಯಾವ ಪರಿಕಲ್ಪನೆ ಯಾವ ವರ್ಷ ಅನ್ನೋ ಒಂದು ಹೋಲಿಕೆ ಪಟ್ಟಿಯನ್ನು ಶಿಕ್ಷಣ ಇಲಾಖೆ ಕನ್ನಡದಲ್ಲಿ ಪ್ರಕಟಿಸಿದರೆ ಖರ್ಚು ಹೆಚ್ಚಾಗಲ್ಲ. ಅದನ್ನು ಕೇಳೋಣ. ಅಲ್ಲಿಯವರೆಗೆ ಮನೆಯಲ್ಲಿ ಆರು-ಏಳು-ಎಂಟರ ಮಗು ಇದ್ದರೆ, ಹೊಸ ಪುಸ್ತಕ ಕೊಳ್ಳುವ ಮುಂಚೆ ಆ ನಾಲ್ಕು ಪ್ರಶ್ನೆ ಕೇಳಿ ನೋಡಿ.