ಎರಡು ಮನೆಗಣಕಗಳ ಚಿತ್ರಸ್ಪರ್ಧೆ

ಎರಡು ಯಂತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು "ಯಾವುದು ಮೇಲು?" ಎಂದು ಕೇಳುವುದು ಸುಲಭ, ನ್ಯಾಯವಾದ ಉತ್ತರ ಕೊಡುವುದು ಕಷ್ಟ. ೧೯೮೦ರ ದಶಕದ ನಡುಭಾಗದಲ್ಲಿ ಇಂಗ್ಲೆಂಡಿನ ಶಾಲೆಗಳ ಆಟದ ಬಯಲುಗಳಲ್ಲಿ ಈ ಪ್ರಶ್ನೆಯ ಮೇಲೆ ಹುಡುಗರಲ್ಲಿ ಎರಡು ಪಕ್ಷಗಳೇ ಏರ್ಪಟ್ಟಿದ್ದುವು. ಒಂದು ಪಕ್ಷದವರ ಮನೆಯಲ್ಲಿ ಸಿಂಕ್ಲೇರ್ ಕಂಪನಿಯ 'ಸ್ಪೆಕ್ಟ್ರಮ್' ಎಂಬ ಪುಟ್ಟ ಗಣಕಯಂತ್ರ. ಇನ್ನೊಂದು ಪಕ್ಷದವರ ಮನೆಯಲ್ಲಿ 'ಕಮೋಡೋರ್ ೬೪'. ಎರಡನ್ನೂ ಮನೆಯ ಟೆಲಿವಿಷನ್ನಿಗೆ ಜೋಡಿಸಬೇಕು. ಆಟದ ಪ್ರೋಗ್ರಾಮುಗಳನ್ನು ಸಾಮಾನ್ಯವಾಗಿ ಕ್ಯಾಸೆಟ್ ಟೇಪಿನಿಂದ ತುಂಬಬೇಕು. ಯಾರ ತೆರೆಯ ಮೇಲಿನ ಚಿತ್ರ ಚೆಂದ, ಯಾರದು ಚುರುಕು ಎಂಬುದೇ ವಾದ. ವಾದ ಹುಡುಗರದಾದರೂ ಅದರೊಳಗೆ ಅಡಗಿದ್ದ ಪ್ರಶ್ನೆ ದೊಡ್ಡವರಿಗೂ ಸಂಬಂಧಪಟ್ಟದ್ದೇ: ಯಂತ್ರದ ಸಾಮರ್ಥ್ಯವನ್ನು ಯಾವ ಕೋಲಿನಿಂದ ಅಳೆಯಬೇಕು?

ಮೊದಲು ಇವುಗಳ ಜನ್ಮವೃತ್ತಾಂತವನ್ನು ನೋಡೋಣ. ಎರಡೂ ೧೯೮೨ರ ಕೂಸುಗಳು. ಸ್ಪೆಕ್ಟ್ರಮ್ ಆ ವರ್ಷದ ಏಪ್ರಿಲ್ ೨೩ರಂದು ಬೆಳಕಿಗೆ ಬಂತು. ಕೇಂಬ್ರಿಜ್ ಪಟ್ಟಣದಲ್ಲಿ ಕಂಪನಿ ನಡೆಸುತ್ತಿದ್ದ ಕ್ಲೈವ್ ಸಿಂಕ್ಲೇರರಿಗೆ ಒಂದೇ ಹಟ: ಗಣಕಯಂತ್ರ ಸಾಧಾರಣ ಸಂಸಾರದ ಕೈಗೆ ಎಟುಕಬೇಕು. ೧೬ ಕಿಲೋಬೈಟ್ ಮೆಮೊರಿಯ ಯಂತ್ರಕ್ಕೆ ೧೨೫ ಪೌಂಡು, ೪೮ ಕಿಲೋಬೈಟಿನದಕ್ಕೆ ೧೭೫ ಪೌಂಡು ಎಂದು ಬೆಲೆ ಕಟ್ಟಿದರು. ಅವರಿಗೆ ಸ್ವಂತ ಚಿಪ್ ಕಾರ್ಖಾನೆ ಇರಲಿಲ್ಲ. ಆದ್ದರಿಂದ ಅವರ ಇಂಜಿನಿಯರ್ ರಿಚರ್ಡ್ ಆಲ್ಟ್‌ವಾಸರ್ ಅವರು ಫೆರಾಂಟಿ ಕಂಪನಿಯ ಅರೆಸಿದ್ಧ ಚಿಪ್ಪೊಂದನ್ನು ಬಳಸಿಕೊಂಡರು. ಅದರಲ್ಲಿ ಸಣ್ಣ ಸಣ್ಣ ವಿದ್ಯುನ್ಮಂಡಲಗಳು ಮೊದಲೇ ಸಿದ್ಧವಾಗಿರುತ್ತಿದ್ದುವು. ಗಿರಾಕಿಯ ಅಗತ್ಯದಂತೆ ಕೊನೆಯ ಸಂಪರ್ಕಗಳನ್ನಷ್ಟೆ ಕೂಡಿಸಿಕೊಡುತ್ತಿದ್ದರು. ಸಿದ್ಧ ಉಡುಪನ್ನು ಕೊಂಡು ತೋಳಿನ ಉದ್ದ ಸರಿಮಾಡಿಸಿಕೊಂಡ ಹಾಗೆ. ಖರ್ಚು ಕಡಮೆ, ಅದರಿಂದ ತೆಗೆಯಬಹುದಾದ ಕೆಲಸವೂ ಮಿತ.

ಕಮೋಡೋರಿನ ಕಥೆ ಬೇರೆ. ಅದರ ಒಡೆಯರಾದ ಜ್ಯಾಕ್ ಟ್ರಾಮೀಲರು ೧೯೭೬ರಲ್ಲಿಯೇ ಅಮೆರಿಕದ ಮಾಸ್ ಟೆಕ್ನಾಲಜಿ ಎಂಬ ಚಿಪ್ ತಯಾರಕರ ಕಾರ್ಖಾನೆಯನ್ನೇ ಕೊಂಡುಬಿಟ್ಟಿದ್ದರು. ಹೀಗಾಗಿ ಅವರ ಇಂಜಿನಿಯರುಗಳಿಗೆ ಸ್ವಂತ ಮಗ್ಗದಲ್ಲಿ ಬೇಕಾದ ಬಟ್ಟೆ ನೇಯಿಸಿಕೊಳ್ಳುವ ಅನುಕೂಲವಿತ್ತು. ೧೯೮೧ರಲ್ಲಿ ಆಲ್ಬರ್ಟ್ ಷಾರ್ಪೆಂಟಿಯರ್ ಮತ್ತು ಅವರ ಸಂಗಡಿಗರು ಪ್ರತಿಸ್ಪರ್ಧಿಗಳ ಯಂತ್ರಗಳನ್ನೆಲ್ಲ ಪರಿಶೀಲಿಸಿ, ಆಟಗಳ ಚಿತ್ರಕ್ಕಾಗಿಯೇ 'ವಿಕ್-೨' ಎಂಬ ಚಿಪ್ಪನ್ನು ರಚಿಸಿದರು. ಅದನ್ನು ಒಳಗೊಂಡ ಕಮೋಡೋರ್ ೬೪ ಯಂತ್ರವನ್ನು ೧೯೮೨ರ ಜನವರಿಯಲ್ಲಿ ಲಾಸ್ ವೇಗಸ್ ಪ್ರದರ್ಶನದಲ್ಲಿ ತೋರಿಸಿ, ಆಗಸ್ಟ್ ತಿಂಗಳಲ್ಲಿ ೫೯೫ ಡಾಲರಿಗೆ ಮಾರಾಟಕ್ಕಿಟ್ಟರು. ಆಗಿನ ವಿನಿಮಯದರದಲ್ಲಿ ೪೮ ಕಿಲೋಬೈಟಿನ ಸ್ಪೆಕ್ಟ್ರಮಿನ ಬೆಲೆ ಇದರ ಸುಮಾರು ಅರ್ಧದಷ್ಟು.

ಇನ್ನು ಚಿತ್ರದ ಮಾತು. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಬಿಡಿಸುವುದನ್ನು ನೋಡದವರಿಲ್ಲ. ಗಣಕಯಂತ್ರದ ಚಿತ್ರವೂ ಚುಕ್ಕಿಗಳ ಸಾಲೇ. ಸ್ಪೆಕ್ಟ್ರಮಿನ ತೆರೆಯಲ್ಲಿ ಅಡ್ಡಕ್ಕೆ ೨೫೬, ಉದ್ದಕ್ಕೆ ೧೯೨ ಚುಕ್ಕಿಗಳು. ಚುಕ್ಕಿ ಇದೆಯೋ ಇಲ್ಲವೋ ಎಂಬುದನ್ನು ಬರೆದಿಡಲು ೬,೧೪೪ ಬೈಟು ಮೆಮೊರಿ ಬೇಕು. ಆದರೆ ಪ್ರತಿಯೊಂದು ಚುಕ್ಕಿಗೂ ಬೇರೆ ಬಣ್ಣ ಗುರುತಿಸಹೊರಟರೆ ಮೆಮೊರಿ ಸಾಲದು. ಅದಕ್ಕಾಗಿ ತೆರೆಯನ್ನು ೮ ಚುಕ್ಕಿ ಅಗಲ, ೮ ಚುಕ್ಕಿ ಎತ್ತರದ ೭೬೮ ಚೌಕಗಳಾಗಿ ಹಂಚಿದರು. ಒಂದೊಂದು ಚೌಕಕ್ಕೆ ಒಂದೇ ಬೈಟು ಬಣ್ಣ: ಗೆರೆಗೊಂದು, ನೆಲಕ್ಕೊಂದು. ಮೂರನೆಯ ಬಣ್ಣಕ್ಕೆ ಆ ಚೌಕದಲ್ಲಿ ಜಾಗವಿಲ್ಲ.

ಇದು ಮಿತವ್ಯಯದ ಜಾಣತನವೇ ಸರಿ. ಆದರೆ ಹಸುರು ಮರದ ಮುಂದೆ ಕೆಂಪು ಅಂಗಿಯ ಮನುಷ್ಯ ನಡೆದುಹೋದನೆನ್ನಿ. ಅವನು ಕಾಲಿಟ್ಟ ಚೌಕದಲ್ಲೆಲ್ಲ ಮರವೂ ಕೆಂಪಗಾಗುತ್ತದೆ, ಇಲ್ಲವೆ ಮನುಷ್ಯನೇ ಹಸುರಾಗುತ್ತಾನೆ. ಬಣ್ಣಗಳ ಈ ಘರ್ಷಣೆ ಸ್ಪೆಕ್ಟ್ರಮಿನ ಹಣೆಯ ಮೇಲಿನ ಗುರುತಾಗಿ ಹೋಯಿತು. ಎದುರು ಪಕ್ಷದ ಹುಡುಗರು ಮೊದಲು ಬೊಟ್ಟುಮಾಡಿ ತೋರಿಸುತ್ತಿದ್ದುದು ಇದನ್ನೇ.

ಕಮೋಡೋರಿನ ಹಿನ್ನೆಲೆಯ ಚಿತ್ರದಲ್ಲಿಯೂ ಚೌಕಗಳ ಕಟ್ಟುಪಾಡು ಇಲ್ಲದಿರಲಿಲ್ಲ. ೩೨೦ ಚುಕ್ಕಿ ಅಗಲ, ೨೦೦ ಚುಕ್ಕಿ ಎತ್ತರದ ಸೂಕ್ಷ್ಮ ಚಿತ್ರದಲ್ಲಿ ಚೌಕಕ್ಕೆ ಎರಡೇ ಬಣ್ಣ. ನಾಲ್ಕು ಬಣ್ಣ ಬೇಕಾದರೆ ಚುಕ್ಕಿ ಇಮ್ಮಡಿ ದಪ್ಪವಾಗಿ ಅಡ್ಡಸಾಲಿನಲ್ಲಿ ೧೬೦ ಮಾತ್ರ ಉಳಿಯುತ್ತಿದ್ದುವು. ಆದರೆ ಅದರ ಬಳಿ ಸ್ಪೆಕ್ಟ್ರಮಿಗಿಲ್ಲದ ಒಂದು ಸಾಧನವಿತ್ತು. ತೊಗಲುಗೊಂಬೆಯ ಆಟವನ್ನು ನೆನೆಯಿರಿ. ಗೊಂಬೆ ಸರಿದಾಗ ಪರದೆಯನ್ನು ಯಾರೂ ಹೊಸದಾಗಿ ಬರೆಯುವುದಿಲ್ಲ. ಕೋಲನ್ನು ಆಚೀಚೆ ಆಡಿಸಿದರೆ ಸಾಕು. ವಿಕ್-೨ ಚಿಪ್ಪಿನಲ್ಲಿ ಇಂಥ ಎಂಟು ಗೊಂಬೆಗಳಿದ್ದುವು. 'ಸ್ಪ್ರೈಟ್' ಎಂದು ಅವುಗಳ ಹೆಸರು. ೨೪ ಚುಕ್ಕಿ ಅಗಲ, ೨೧ ಚುಕ್ಕಿ ಎತ್ತರದ ಒಂದು ಗೊಂಬೆಯ ಆಕಾರವನ್ನು ೬೩ ಬೈಟುಗಳಲ್ಲಿ ಒಮ್ಮೆ ಬರೆದಿಟ್ಟರೆ, ಆಮೇಲೆ ಅದರ ಸ್ಥಾನವನ್ನು ಸೂಚಿಸುವ ಎರಡು ಮೂರು ಸಂಖ್ಯೆಗಳನ್ನು ಬದಲಿಸಿದರಾಯಿತು. ಗೊಂಬೆ ಸರಿಯುತ್ತದೆ, ಹಿಂದಿನ ಚಿತ್ರ ಕೆಡುವುದಿಲ್ಲ, ಬಣ್ಣವೂ ಕಲಸುವುದಿಲ್ಲ. ಒಂದು ಗೊಂಬೆ ಮತ್ತೊಂದಕ್ಕೆ ತಗಲಿದರೆ ಅದನ್ನೂ ಚಿಪ್ಪೇ ತಿಳಿಸುತ್ತಿತ್ತು. ಇಡೀ ದೃಶ್ಯವನ್ನು ಚುಕ್ಕಿ ಚುಕ್ಕಿಯಾಗಿ ನವಿರಾಗಿ ಸರಿಸುವ ಏರ್ಪಾಡೂ ಅದರಲ್ಲಿತ್ತು.

ಸ್ಪೆಕ್ಟ್ರಮಿನಲ್ಲಿ ಇದಾವುದೂ ಇಲ್ಲ. ಅಲ್ಲಿ ಮನುಷ್ಯನೊಬ್ಬನನ್ನು ಒಂದು ಹೆಜ್ಜೆ ಮುಂದಿಡಿಸಬೇಕಾದರೆ, ಹಳೆಯ ಜಾಗದಲ್ಲಿ ಅವನನ್ನು ಅಳಿಸಿ, ಹಿಂದಿದ್ದ ಮರವನ್ನು ಮತ್ತೆ ತುಂಬಿ, ಹೊಸ ಜಾಗದಲ್ಲಿ ಅವನನ್ನು ಬರೆಯಬೇಕು. ಇಷ್ಟನ್ನೂ ಪ್ರೋಗ್ರಾಮೇ ಮಾಡಬೇಕು. ಅದೂ ನೋಡುವವನ ಕಣ್ಣಿಗೆ ಅಳಿಸಿದ್ದು ಗೊತ್ತಾಗದಷ್ಟು ಬೇಗ.

ಇಷ್ಟು ಕೇಳಿದ ಮೇಲೆ ತೀರ್ಪು ಹೇಳಲು ಏನು ತಡ, ಕಮೋಡೋರೇ ಗೆದ್ದಿತಲ್ಲ ಎನ್ನಬಹುದು. ಸ್ವಲ್ಪ ತಾಳಿ, ಒಂದು ಲೆಕ್ಕ ಮಾಡೋಣ. ಯಂತ್ರದ ಹೃದಯವಾದ ಸಂಸ್ಕಾರಕ ಚಿಪ್ಪು ಒಂದು ಗಡಿಯಾರದ ಮಿಡಿತಕ್ಕೆ ತಕ್ಕಂತೆ ನಡೆಯುತ್ತದೆ. ಸ್ಪೆಕ್ಟ್ರಮಿನಲ್ಲಿದ್ದ ಜೆಡ್-೮೦ ಚಿಪ್ಪಿಗೆ ಸೆಕೆಂಡಿಗೆ ೩೫ ಲಕ್ಷ ಮಿಡಿತ. ಕಮೋಡೋರಿನ ೬೫೧೦ ಚಿಪ್ಪಿಗೆ ಸುಮಾರು ೧೦ ಲಕ್ಷ. ಹಾಗೆಂದು ಒಂದು ಇನ್ನೊಂದಕ್ಕಿಂತ ಮೂರೂವರೆ ಪಟ್ಟು ಚುರುಕೆಂದು ತಿಳಿಯುವುದೂ ತಪ್ಪೇ. ಜೆಡ್-೮೦ ಅತಿ ಸಣ್ಣ ಆದೇಶಕ್ಕೂ ೪ ಮಿಡಿತ ತೆಗೆದುಕೊಂಡರೆ ೬೫೧೦ ಚಿಪ್ಪು ಎರಡರಲ್ಲೇ ಮುಗಿಸಬಲ್ಲುದು. ಆದ್ದರಿಂದ ಮಿಡಿತಗಳನ್ನು ಬಿಟ್ಟು ಕೆಲಸವನ್ನೇ ಹಿಡಿದು ನೋಡಬೇಕು.

ತೆರೆಯ ಮೇಲಿನ ಚಿತ್ರವನ್ನು ಪೂರ್ತಿಯಾಗಿ ಹೊಸದು ಮಾಡುವ ಕೆಲಸವನ್ನೇ ತೆಗೆದುಕೊಳ್ಳೋಣ. ಜೆಡ್-೮೦ ಚಿಪ್ಪಿನ ನಕಲು ಮಾಡುವ ಆದೇಶಕ್ಕೆ ಬೈಟಿಗೆ ೨೧ ಮಿಡಿತ. ೬,೧೪೪ ಬೈಟಿಗೆ ೧,೨೯,೦೨೪ ಮಿಡಿತ. ಬೇರೆ ಅಡ್ಡಿಗಳನ್ನು ಬಿಟ್ಟರೆ ಇದು ಒಂದು ಸೆಕೆಂಡಿನ ಇಪ್ಪತ್ತೇಳನೆಯ ಒಂದು ಭಾಗ. ಕಮೋಡೋರಿನ ಪೂರ್ಣ ಚಿತ್ರಕ್ಕೆ ೮,೦೦೦ ಬೈಟು; ಒಂದು ಬೈಟನ್ನು ಎತ್ತಿ ಇನ್ನೊಂದೆಡೆ ಇಡಲು ಸಾಮಾನ್ಯವಾಗಿ ೮ ಮಿಡಿತಗಳಾದರೂ ಬೇಕು. ಒಟ್ಟು ೬೪,೦೦೦ ಮಿಡಿತ. ಅಂದರೆ ಸೆಕೆಂಡಿನ ಹದಿನೈದನೆಯ ಒಂದು ಭಾಗ. ಈ ಕೆಲಸದಲ್ಲಿ ಅಗ್ಗದ ಯಂತ್ರವೇ ಮುಂದೆ! ಗೊಂಬೆ ಆಡಿಸುವಲ್ಲಿ ಒಬ್ಬನದು ಮೇಲುಗೈ. ಪರದೆಯನ್ನೇ ಮತ್ತೆ ಬರೆಯುವಲ್ಲಿ ಇನ್ನೊಬ್ಬನದು.

ಇದು ಬರಿಯ ಕಾಗದದ ಲೆಕ್ಕವಲ್ಲ. ಆಟಗಳ ಚರಿತ್ರೆಯಲ್ಲಿ ಇದಕ್ಕೆ ಸಾಕ್ಷಿಯುಂಟು. ೧೯೮೪ರಲ್ಲಿ ಟಿಮ್ ಮತ್ತು ಕ್ರಿಸ್ ಸ್ಟ್ಯಾಂಪರ್ ಸಹೋದರರು ಸ್ಪೆಕ್ಟ್ರಮಿಗಾಗಿ 'ನೈಟ್ ಲೋರ್' ಎಂಬ ಆಟವನ್ನು ಹೊರತಂದರು. ಕೋಟೆಯ ಕೋಣೆಗಳನ್ನು ಮೂಲೆಯಿಂದ ನೋಡಿದಂತೆ, ಉದ್ದ ಅಗಲ ಎತ್ತರಗಳೊಡನೆ ಬಿಡಿಸಿದ ಆಟ ಅದು. ಬಣ್ಣಗಳು ಕಲಸದಂತೆ ಅವರು ಮಾಡಿದ ಉಪಾಯ ಬಹಳ ಸರಳ: ಕೋಣೆಯ ಚಿತ್ರಕ್ಕೆಲ್ಲ ಒಂದೇ ಬಣ್ಣ, ಹಿಂದೆ ಕಪ್ಪು. ಬಣ್ಣವನ್ನು ತ್ಯಾಗಮಾಡಿ ಆಳವನ್ನು ಗಳಿಸಿದರು. ಆ ಮಾದರಿಯನ್ನು ಅನುಸರಿಸಿ ಆಮೇಲೆ ಎಷ್ಟೋ ಆಟಗಳು ಬಂದುವು. ಹಾಗೆಯೇ ೧೯೮೭ರ 'ಡ್ರಿಲ್ಲರ್' ಎಂಬ ಆಟದಲ್ಲಿ ಘನಾಕೃತಿಗಳ ಲೋಕವನ್ನು ಹೆಜ್ಜೆಹೆಜ್ಜೆಗೂ ಹೊಸದಾಗಿ ಬರೆಯಬೇಕಾಗಿತ್ತು. ಕಮೋಡೋರಿನ ಗೊಂಬೆಗಳು ಅಲ್ಲಿ ನೆರವಿಗೆ ಬರಲಿಲ್ಲ. ಸ್ಪೆಕ್ಟ್ರಮಿಗಿಂತ ಅದು ನಿಧಾನವಾಗಿಯೇ ನಡೆಯಿತು.

ಕಮೋಡೋರಿಗೆ ಬರೆಯುವವರೂ ಚಿಪ್ಪು ಕೊಟ್ಟಷ್ಟಕ್ಕೇ ತೃಪ್ತರಾಗಲಿಲ್ಲ. ಟೆಲಿವಿಷನ್ ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಮೂಡುತ್ತದಷ್ಟೆ. ಮೇಲ್ಭಾಗದಲ್ಲಿ ಗೊಂಬೆ ಮೂಡಿ ಮುಗಿದ ಕೂಡಲೆ ಅದೇ ಗೊಂಬೆಯ ಸ್ಥಾನವನ್ನು ಬದಲಿಸಿಬಿಟ್ಟರೆ ಕೆಳಭಾಗದಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಈ ಯುಕ್ತಿಯಿಂದ ಎಂಟು ಗೊಂಬೆಗಳ ಯಂತ್ರ ಎಷ್ಟೋ ಹೆಚ್ಚು ಗೊಂಬೆಗಳನ್ನು ಕುಣಿಸಿತು. ಎಂಟು ಎಂಬ ಸಂಖ್ಯೆ ಕಂಪನಿಯ ಪುಸ್ತಕದಲ್ಲಿತ್ತು. ಅದನ್ನು ಮೀರುವ ದಾರಿಯನ್ನು ಪ್ರೋಗ್ರಾಮು ಬರೆದವರು ಕಂಡುಕೊಂಡರು.

ರೇಡಿಯೋ ಇಟ್ಟುಕೊಂಡ ಮನೆಯವರಿಗೆ ಇಲ್ಲೊಂದು ಸ್ವಾರಸ್ಯವುಂಟು. ಟೇಪಿನಲ್ಲಿ ಪ್ರೋಗ್ರಾಮು ಇರುತ್ತಿದ್ದುದು ಕಿರಿಚುವ ಧ್ವನಿಯ ರೂಪದಲ್ಲಿ. ಧ್ವನಿಯೆಂದ ಮೇಲೆ ಅದನ್ನು ಬಾನುಲಿಯಲ್ಲಿಯೂ ಕಳಿಸಬಹುದಷ್ಟೆ? ಹಾಲೆಂಡಿನ ಪ್ರಸಾರ ಸಂಸ್ಥೆಯಾದ ಎನ್‌ಓಎಸ್ ಹಾಗೆ ಕಳಿಸಿತು. ಕೇಳುಗರು ಟೇಪಿನಲ್ಲಿ ಹಿಡಿದುಕೊಂಡು ಯಂತ್ರಕ್ಕೆ ತುಂಬಿದರು. ಎಲ್ಲ ಯಂತ್ರಗಳಿಗೂ ಹೊಂದಲೆಂದು 'ಬೇಸಿಕೋಡ್' ಎಂಬ ಒಂದು ಸಾಮಾನ್ಯ ಭಾಷೆಯನ್ನು ಕಟ್ಟಿದರು. ಅದರಲ್ಲಿ ಮೊದಮೊದಲು ಅಕ್ಷರಗಳಿಗೆ ಮಾತ್ರ ಸ್ಥಳವಿತ್ತು. ಸರಳ ಚಿತ್ರಗಳಿಗೆ ಎಡೆ ಸಿಕ್ಕಿದ್ದು ೧೯೮೬ರ ಮೂರನೆಯ ರೂಪದಲ್ಲಿ. ಅಕ್ಷರದಲ್ಲಿ ಯಂತ್ರಗಳು ಬೇಗ ಒಂದಾದುವು, ಚಿತ್ರದಲ್ಲಿ ಒಂದಾಗುವುದು ಕಷ್ಟವಾಯಿತು.

ಸಿಂಕ್ಲೇರರು ೧೯೮೬ರಲ್ಲಿ ತಮ್ಮ ಗಣಕ ವ್ಯಾಪಾರವನ್ನು ೫೦ ಲಕ್ಷ ಪೌಂಡಿಗೆ ಆಮ್‌ಸ್ಟ್ರಾಡ್ ಕಂಪನಿಗೆ ಮಾರಿದರು. ಕಮೋಡೋರ್ ೧೯೯೪ರಲ್ಲಿ ದಿವಾಳಿಯೆದ್ದಿತು. ಅಂಗಡಿಯ ಪೈಪೋಟಿ ಹೀಗೆ ಮುಗಿದರೂ ಎರಡೂ ಯಂತ್ರಗಳಿಗೆ ಹವ್ಯಾಸಿಗಳು ಇಂದಿಗೂ ಹೊಸ ಆಟಗಳನ್ನು ಬರೆಯುತ್ತಿದ್ದಾರೆ.

ಹಾಗಾದರೆ ಹುಡುಗರ ಆ ವಾದದಲ್ಲಿ ಗೆದ್ದವರಾರು? ಯಾವ ಕೆಲಸಕ್ಕೆ, ಎಷ್ಟು ಬೆಲೆಗೆ, ಯಾರ ದುಡಿಮೆಯಿಂದ ಎಂಬ ಮೂರು ಮಾತುಗಳನ್ನು ಕೇಳದೆ ಉತ್ತರ ಹೇಳಲಾಗದು. ಕಮೋಡೋರಿನಲ್ಲಿ ಚಿಪ್ಪು ದುಡಿಯಿತು, ಅದರ ಬೆಲೆಯನ್ನು ಕೊಂಡವರು ತೆತ್ತರು. ಸ್ಪೆಕ್ಟ್ರಮಿನಲ್ಲಿ ಚಿಪ್ಪು ಮಾಡದೆ ಬಿಟ್ಟ ದುಡಿಮೆಯನ್ನು ಪ್ರೋಗ್ರಾಮು ಬರೆದವರು ರಾತ್ರಿಯೆಲ್ಲ ಕುಳಿತು ತುಂಬಿಕೊಟ್ಟರು. ೧೭೫ ಪೌಂಡಿಗಿಂತ ಹೆಚ್ಚು ಕೊಡಲಾರದ ಮನೆಗೆ ಆ ಚಿತ್ರಗಳು ತಲಪಿದ್ದು ಅವರಿಂದ. ಎರಡು ಯಂತ್ರಗಳನ್ನು ತೂಗುವಾಗ ಅವರ ಶ್ರಮವನ್ನೂ ತಕ್ಕಡಿಗೆ ಹಾಕುವುದು ನ್ಯಾಯ.