ಬೋರ್‌ ನೀರು ಮತ್ತು ಹೆಡ್ ಗ್ಯಾಸ್ಕೆಟ್

ಇವತ್ತು ಕಾರಿನ ನೀರಿನ ಕಥೆ.

ಕಾರಿನ ಮೊದಲ ದೂರ ಪ್ರಯಾಣದಲ್ಲೇ ಈ ತಾಪತ್ರಯ ಇತ್ತು ನೋಡ್ರಿ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಜ್, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರ್ಕೊಂಡು ಅವರ ಮೂರು ಗಾಲಿಯ ಗಾಡಿಯಲ್ಲಿ ನೂರು ಕಿ.ಮೀ. ದೂರದ ತವರಿಗೆ ಹೊರಟರು. ನೀರು ಕುದಿದು ಆವಿಯಾದರೆ ಮಾತ್ರ ಆ ಇಂಜಿನ್ ತಣ್ಣಗಾಗ್ತಿತ್ತು. ಹಾಗಾಗಿ ದಾರಿಯುದ್ದಕ್ಕೂ ನೀರು ತುಂಬಿಸಬೇಕಾಯ್ತು. 1900ರ ಹೊತ್ತಿಗೆ ವಿಲ್ಹೆಲ್ಮ್ ಮೇಬ್ಯಾಕ್ ಜೇನುಗೂಡಿನಂಥ ರೇಡಿಯೇಟರ್ ಮಾಡಿದರು. ಅದರಲ್ಲಿ ಅದೇ ನೀರು ಸುತ್ತುತ್ತಾ ಗಾಳಿಗೆ ತಣ್ಣಗಾಗ್ತಿತ್ತು.

ಈಗ ನಮ್ಮ ದೇಶಕ್ಕೆ ಬರೋಣ. ಹಳೇ ಅಂಬಾಸಿಡರ್‌ನ ಬ್ಲಾಕ್, ಹೆಡ್ ಎರಡೂ ಬೀಡುಕಬ್ಬಿಣ. 1983ರ ಡಿಸೆಂಬರ್ 14ರಂದು ಬಂದ ಮಾರುತಿ 800ರಲ್ಲಿ ಬ್ಲಾಕ್ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಹಗುರ, ಸರಿ. ಆದ್ರೆ ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ಎರಡರ ನಡುವೆ ಬೆಂಕಿ, ಆಯಿಲ್, ನೀರು ಒಂದಕ್ಕೊಂದು ಸೇರದಂತೆ ತಡೆಯೋದು ಹೆಡ್ ಗ್ಯಾಸ್ಕೆಟ್ ಅನ್ನೋ ತೆಳು ಹಾಳೆ. ಇಂಜಿನ್ ಒಮ್ಮೆ ವಿಪರೀತ ಕಾದರೂ ಹೆಡ್ ಬಾಗಬಹುದು, ಗ್ಯಾಸ್ಕೆಟ್ ಹೋಗಬಹುದು.

ನಮ್ಮ ಜಿಲ್ಲೆಯ ಸಮಸ್ಯೆ ಇಲ್ಲೇ ಇದೆ. ಗಂಗಾವತಿಗೆ ತುಂಗಭದ್ರಾ ಕಾಲುವೆ ಇದೆ. ಕುಷ್ಟಗಿ, ಯಲಬುರ್ಗಾ ಕಡೆ ಬಹುತೇಕ ಮಳೆ ಮತ್ತು ಬೋರ್‌ವೆಲ್ಲೇ ಗತಿ. ಗಡಸು ಬೋರ್ ನೀರು ಕಾದಾಗ ಪಾತ್ರೆಗೆ ಕಟ್ಟೋ ಬಿಳಿ ಪದರವೇ ರೇಡಿಯೇಟರ್ ಕೊಳವೆಗಳಲ್ಲೂ ಕಟ್ಟುತ್ತೆ. ಆಮೇಲೆ ಬಿಸಿ ಹೊರಗೆ ಹೋಗಲ್ಲ. ಕಾಲುವೆ ನೀರೂ ತುಕ್ಕು ತಡೆಯಲ್ಲ. ಅದಕ್ಕೇ ಕೂಲೆಂಟ್ ಬೇಕು.

ಗ್ಯಾಸ್ಕೆಟ್ ಹೋಗಿದೆ ಅನ್ನೋದಕ್ಕೆ ಗುರುತುಗಳಿವೆ: ಎಲ್ಲೂ ಸೋರದೆ ನೀರು ಕಮ್ಮಿಯಾಗೋದು, ಇಂಜಿನ್ ಕಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ, ಆಯಿಲ್ ಹಾಲು ಬೆರೆಸಿದ ಚಹಾದಂತಾಗೋದು, ನೀರಿನಲ್ಲಿ ಗುಳ್ಳೆ. ಆದ್ರೂ ಹೆಡ್ ಬಿಚ್ಚೋ ಮುಂಚೆ ಹೋಸ್, ಕ್ಯಾಪ್, ಫ್ಯಾನ್, ಥರ್ಮೋಸ್ಟಾಟ್, ವಾಟರ್ ಪಂಪ್ ನೋಡಿಸಿ. ಬಿಚ್ಚಿದ ಮೇಲೆ ಹೊಸ ಗ್ಯಾಸ್ಕೆಟ್ ಹಾಕಿದರಷ್ಟೇ ಸಾಲದು. ಹೆಡ್ ಬಾಗಿದೆಯಾ ಅಂತ ನೋಡಿಸಿ ಫೇಸಿಂಗ್ ಮಾಡಿಸಬೇಕು, ರೇಡಿಯೇಟರ್ ತೊಳೆಸಬೇಕು. ಇಲ್ಲಾಂದ್ರೆ ಹೊಸದೂ ಹೋಗುತ್ತೆ.

ನಾನು ಬಿ.ಕಾಂ. ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ಸಾಲ ಮಾಡಿ ಹಳೇ ಕಾರು ತಗೊಂಡು ಬಾಡಿಗೆ ಓಡಿಸೋ ಹುಡುಗನ ಗಾಡಿ ಗ್ಯಾರೇಜಲ್ಲಿ ನಿಂತರೂ ಕಂತು ನಿಲ್ಲಲ್ಲ. ಅವನಿಗೆ ಒಂದು ಡಬ್ಬಿ ಕೂಲೆಂಟ್ ಖರ್ಚಲ್ಲ, ವಿಮೆ.

ಸೂಜಿ ಕೆಂಪಿಗೆ ಬಂದರೆ ಗಾಡಿ ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ. ಬಿಸಿಯಿದ್ದಾಗ ಮಾತ್ರ ಕ್ಯಾಪ್ ಮುಟ್ಟಬೇಡಿ, ಒಳಗೆ ಕುಕ್ಕರ್‌ನಷ್ಟೇ ಒತ್ತಡ ಇರುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.